ತವರಿಗೆ ಹೊರಟ ಬರ್ತಾ: ಲೋಕದ ಮೊದಲ ಕಾರು ಪಯಣದ ಮೊದಲ ದಿನ

ಶಾಲೆಗೆ ರಜೆ ಬಿದ್ದ ಮಾರನೇ ದಿನ ಯಾವುದಾದರೂ ತಾಲ್ಲೂಕಿನ ಬಸ್ ನಿಲ್ದಾಣಕ್ಕೆ ಹೋಗಿ ನೋಡಿ. ಭುಜಕ್ಕೊಂದು ಚೀಲ, ಕೈಗೊಂದು ಮಗು ಹಿಡಿದು ತವರಿಗೆ ಹೊರಟ ತಾಯಂದಿರೇ ಅಲ್ಲಿ ತುಂಬಿರುತ್ತಾರೆ. ಗಂಡ ಹೊಲದಲ್ಲೋ ಕೆಲಸದಲ್ಲೋ ಉಳಿದಿರುತ್ತಾನೆ. ಮಕ್ಕಳಿಗೆ ಅಜ್ಜಿ ಮನೆಯ ಆಸೆ, ತಾಯಿಗೆ ನಾಲ್ಕು ದಿನದ ಬಿಡುವಿನ ಆಸೆ.

ಈಗ ನಾವು ಹೇಳುತ್ತಿರುವುದು ಅಂಥದೇ ಒಬ್ಬ ತಾಯಿಯ ಕಥೆ. ಆಕೆ ಹೊರಟಿದ್ದೂ ಶಾಲಾ ರಜೆಯಲ್ಲಿ, ಹೋಗಿದ್ದೂ ತವರಿಗೆ. ವ್ಯತ್ಯಾಸ ಎರಡೇ. ಇದು ನಡೆದದ್ದು ಜರ್ಮನಿಯಲ್ಲಿ, 1888ರ ಆಗಸ್ಟ್ ತಿಂಗಳ ಮೊದಲ ದಿನಗಳಲ್ಲಿ. ಮತ್ತು ಆಕೆ ಹತ್ತಿದ್ದು ಅದುವರೆಗೆ ಯಾರೂ ಅಷ್ಟು ದೂರ ಓಡಿಸಿರದ ಒಂದು ಮೋಟಾರು ಬಂಡಿಯನ್ನು.

ಆಕೆಯ ಹೆಸರು ಬರ್ತಾ ಬೆಂಜ್. ವಯಸ್ಸು 39. ಜೊತೆಗೆ ಇಬ್ಬರು ಗಂಡುಮಕ್ಕಳು: 15 ವರ್ಷದ ಯೂಜೆನ್, 13 ವರ್ಷದ ರಿಚರ್ಡ್. ಮನ್‌ಹೈಮ್ ಊರಿನಿಂದ ಫೋರ್ಟ್ಸ್‌ಹೈಮ್ ಊರಿಗೆ ಸುಮಾರು 104 ಕಿ.ಮೀ. ದಾರಿ. ಇಂದು ರಜೆ ಬಂತೆಂದರೆ ಕಾರು ತೆಗೆದುಕೊಂಡು ಧರ್ಮಸ್ಥಳಕ್ಕೋ ಹಂಪಿಗೋ ಹೊರಡುವ ಕುಟುಂಬಗಳೆಲ್ಲ ಮಾಡುವುದನ್ನು ಮೊಟ್ಟಮೊದಲು ಮಾಡಿದವರು ಈ ಮೂವರು.

ಯಾರು ಈ ಬರ್ತಾ?

ಬರ್ತಾ ಹುಟ್ಟಿದ್ದು 1849ರ ಮೇ 3ರಂದು, ಫೋರ್ಟ್ಸ್‌ಹೈಮ್‌ನಲ್ಲಿ. ಅದು ಚಿನ್ನದ ಒಡವೆ ಕೆಲಸಕ್ಕೆ ಹೆಸರಾದ ಊರು. ತಂದೆ ರಿಂಗರ್ ಮನೆ ಕಟ್ಟಿಸುವ ಕೆಲಸದಲ್ಲಿ ಚೆನ್ನಾಗಿ ದುಡಿದ ಬಡಗಿ. ಮಗಳು ಹುಟ್ಟಿದಾಗ, ಮತ್ತೆ ಹೆಣ್ಣೇ ಆಯಿತಲ್ಲ ಎಂಬ ಬೇಸರವನ್ನು ಮನೆಯ ಬೈಬಲ್‌ನಲ್ಲಿ ಬರೆದಿಟ್ಟಿದ್ದರು ಎಂಬ ಮಾತು ಅವಳ ಕಥೆಯೊಂದಿಗೆ ಬಂದಿದೆ. ಈ ಮಾತನ್ನು ಓದಿದಾಗ ನಮಗೆ ಜರ್ಮನಿ ಅಷ್ಟೇನೂ ದೂರದ ದೇಶ ಅನಿಸಲಿಲ್ಲ.

ಕಾರ್ಲ್ ಬೆಂಜ್ ಎಂಬ ಎಂಜಿನಿಯರ್ ಜೊತೆ ಅವಳ ಮದುವೆ ಗೊತ್ತಾಯಿತು. ಕಾರ್ಲ್ ಕೈಯಲ್ಲಿ ಕಸುಬಿತ್ತು, ಹಣವಿರಲಿಲ್ಲ. ಪಾಲುದಾರನೊಬ್ಬನ ಜೊತೆ ಸೇರಿ ಮನ್‌ಹೈಮ್‌ನಲ್ಲಿ ಒಂದು ಯಂತ್ರದ ಅಂಗಡಿ ತೆರೆದಿದ್ದರು. ಪಾಲುದಾರ ನಂಬಿಕೆಗೆ ಯೋಗ್ಯನಾಗಿರಲಿಲ್ಲ. ಅವನ ಪಾಲನ್ನು ಬಿಡಿಸಿಕೊಳ್ಳಲು ದುಡ್ಡು ಬೇಕಿತ್ತು.

ಆಗ ಬರ್ತಾ ತನ್ನ ಮದುವೆಗೆಂದು ಮನೆಯವರು ತೆಗೆದಿಟ್ಟಿದ್ದ ಹಣವನ್ನು ಮದುವೆಗೂ ಮೊದಲೇ ಕೇಳಿ ಪಡೆದಳು. ಅದನ್ನು ಆ ಅಂಗಡಿಗೆ ಹಾಕಿದಳು. ಮದುವೆ ಆದದ್ದು 1872ರ ಜುಲೈ 20ರಂದು. ಅಂದರೆ ಹೆಂಡತಿಯಾಗುವ ಮೊದಲೇ ಅವಳು ಆ ಉದ್ಯಮದ ಬಂಡವಾಳಗಾರ್ತಿ ಆಗಿದ್ದಳು.

ಮುಂದಿನ ವರ್ಷಗಳು ಸುಖದ್ದೇನೂ ಅಲ್ಲ. ಸಾಲ, ಕೈಕೊಟ್ಟ ಪಾಲುದಾರರು, ಮನೆ ತುಂಬ ಮಕ್ಕಳು. 1879ರ ಡಿಸೆಂಬರ್ 31ರ ರಾತ್ರಿ ಕಾರ್ಲ್ ಮಾಡಿದ ಎಂಜಿನ್ ಮೊದಲ ಬಾರಿಗೆ ಸರಿಯಾಗಿ ಓಡಿತು. ಆಮೇಲೆ ಆರು ವರ್ಷ ಕಳೆದು, 1886ರ ಜನವರಿ 29ರಂದು ಕಾರ್ಲ್ ತಮ್ಮ ಮೋಟಾರು ಬಂಡಿಗೆ ಪೇಟೆಂಟ್ ಅರ್ಜಿ ಹಾಕಿದರು. ಅದರ ಸಂಖ್ಯೆ 37435. ಕಾರಿನ ಜನ್ಮಪತ್ರಿಕೆ ಎಂದು ಇಂದಿಗೂ ಕರೆಯುವುದು ಈ ಕಾಗದವನ್ನೇ. ಅದರ ಮೇಲಿರುವುದು ಕಾರ್ಲ್ ಒಬ್ಬರ ಹೆಸರು.

ಮಾಡಿದ್ದಾಯಿತು, ಕೊಳ್ಳುವವರಿಲ್ಲ

ಬಂಡಿ ತಯಾರಾಯಿತು. 1886ರ ಜುಲೈ 3ರಂದು ಮನ್‌ಹೈಮ್ ಬೀದಿಯಲ್ಲಿ ಜನರ ಕಣ್ಣೆದುರು ಓಡಿತು ಕೂಡ. ಆದರೆ ವ್ಯಾಪಾರ ಆಗಲಿಲ್ಲ. ಎರಡು ವರ್ಷವಾದರೂ ಸ್ಥಿತಿ ಅದೇ.

ಕಾರಣ ಊಹಿಸುವುದು ಕಷ್ಟವಲ್ಲ. ಕುದುರೆ ಇಲ್ಲದೆ ಸದ್ದು ಮಾಡುತ್ತಾ, ಹೊಗೆ ಬಿಡುತ್ತಾ ಬರುವ ಮೂರು ಚಕ್ರದ ಬಂಡಿ. ನೋಡಲು ಜನ ಸೇರುತ್ತಾರೆ, ಕೊಳ್ಳಲು ಯಾರೂ ಬರುವುದಿಲ್ಲ. ಕುದುರೆಯಾದರೆ ಹುಲ್ಲು ಹಾಕಿದರೆ ನಡೆಯುತ್ತದೆ. ಇದು ಅರ್ಧ ದಾರಿಯಲ್ಲಿ ನಿಂತರೆ? ಊರಾಚೆ ನಿಂತರೆ? ಹೆಂಗಸರು ಮಕ್ಕಳು ಇದ್ದಾಗ ನಿಂತರೆ?

ಈ ಪ್ರಶ್ನೆಗಳಿಗೆ ಕಾರ್ಲ್ ಬಳಿ ಉತ್ತರ ಇರಲಿಲ್ಲ. ಅವರು ಜಾಗರೂಕ ಮನುಷ್ಯ. ಒಂದೊಂದು ತಿರುಪನ್ನೂ ನೂರು ಸಲ ಪರೀಕ್ಷಿಸುವ ಸ್ವಭಾವ. ಊರ ಸುತ್ತ ಓಡಿಸಿ ನೋಡುವುದು, ತಂದು ನಿಲ್ಲಿಸುವುದು, ಮತ್ತೆ ಬಿಚ್ಚುವುದು, ಇದೇ ಆಗಿತ್ತು.

ಬರ್ತಾಗೆ ಮಾತ್ರ ಒಂದು ವಿಷಯ ಗೊತ್ತಿತ್ತು. ಈ ಬಂಡಿಯಲ್ಲಿ ಅವಳ ಮದುವೆಯ ಹಣವಿದೆ. 16 ವರ್ಷದ ಸಂಸಾರವಿದೆ. ಇದು ಮೂಲೆ ಸೇರಿದರೆ ಅದೆಲ್ಲ ಮೂಲೆ ಸೇರಿದಂತೆ.

ನಸುಕಿನಲ್ಲಿ ಹೊರಟರು

ಶಾಲೆಗೆ ರಜೆ ಬಂದಿತ್ತು. ಮಕ್ಕಳಿಗೆ ಅಜ್ಜಿ ಮನೆಗೆ ಹೋಗುವ ಆಸೆ. ರೈಲಿನಲ್ಲಿ ಹೋಗಬಹುದಿತ್ತು. ಮನ್‌ಹೈಮ್‌ನಿಂದ ಹೈಡೆಲ್‌ಬರ್ಗ್‌ಗೆ 1840ರಲ್ಲೇ ರೈಲು ಬಂದಿತ್ತು. ಫೋರ್ಟ್ಸ್‌ಹೈಮ್‌ಗೂ 1861ರಲ್ಲಿ ಬಂದಿತ್ತು. ಟಿಕೆಟ್ ತೆಗೆದುಕೊಂಡು ಕೂತಿದ್ದರೆ ಮಧ್ಯಾಹ್ನದ ಊಟ ಅಜ್ಜಿ ಮನೆಯಲ್ಲಿ ಆಗುತ್ತಿತ್ತು.

ತಾಯಿ ಮಕ್ಕಳು ಸೇರಿ ಬೇರೆ ಸಂಚು ಮಾಡಿದರು. ಒಂದು ದಿನ ನಸುಕಿನಲ್ಲಿ, ಕಾರ್ಲ್ ಇನ್ನೂ ಮಲಗಿದ್ದಾಗ, ಅವರಿಗೆ ಹೇಳದೆ ಬಂಡಿಯನ್ನು ಹೊರಗೆ ತಂದು ಹೊರಟುಬಿಟ್ಟರು. ಅದು ಕಾರ್ಲ್ ಮಾಡಿದ ಮೂರನೇ ಮಾದರಿಯ ಬಂಡಿ.

ಇಲ್ಲಿ ಒಂದು ಮಾತು. ತಮ್ಮ ಬಂಡಿಯನ್ನು ರಸ್ತೆಯಲ್ಲಿ ಓಡಿಸಲು ಕಾರ್ಲ್‌ಗೆ ಅದೇ ವರ್ಷ ಸರ್ಕಾರದಿಂದ ಲಿಖಿತ ಒಪ್ಪಿಗೆ ಸಿಕ್ಕಿತ್ತು. ಒಪ್ಪಿಗೆ ಇದ್ದದ್ದು ಕಾರ್ಲ್‌ಗೆ, ಅದೂ ಊರ ಆಸುಪಾಸಿಗೆ. ನೂರು ಕಿಲೋಮೀಟರ್ ಹೋಗಲು ಬರ್ತಾಗೆ ಯಾರೂ ಅನುಮತಿ ಕೊಟ್ಟಿರಲಿಲ್ಲ. ಅವಳು ಕೇಳಲೂ ಇಲ್ಲ. ಕೇಳಿದ್ದರೆ ಸಿಗುತ್ತಿರಲಿಲ್ಲ ಎಂಬುದು ಅವಳಿಗೆ ಗೊತ್ತಿದ್ದಿರಬೇಕು.

ಬಂಡಿ ಹೇಗಿತ್ತು?

ಇಂದಿನ ಆಟೋರಿಕ್ಷಾ ನೆನಪಿಸಿಕೊಳ್ಳಿ. ಮುಂದೆ ಒಂದು ಚಕ್ರ, ಹಿಂದೆ ಎರಡು. ಈಗ ಅದರ ಮೇಲ್ಛಾವಣಿ, ಗಾಜು, ದೀಪ, ಮೀಟರ್ ಎಲ್ಲ ತೆಗೆದುಹಾಕಿ. ಸ್ಟೇರಿಂಗ್ ಜಾಗದಲ್ಲಿ ನಡುವೆ ನಿಂತ ಒಂದು ಕಂಬಿ, ಅದಕ್ಕೊಂದು ಹಿಡಿಕೆ. ಗಾಳಿ ತುಂಬಿದ ಟೈರು ಇಲ್ಲ. ಕಲ್ಲು ಗುಂಡಿಗಳೆಲ್ಲ ನೇರ ಬೆನ್ನಿಗೇ.

ಸೀಟಿನ ಹಿಂದೆ ಒಂದೇ ಸಿಲಿಂಡರಿನ ಎಂಜಿನ್. ಅದಕ್ಕೊಂದು ದೊಡ್ಡ ಗಾಲಿ. ಸ್ಟಾರ್ಟ್ ಮಾಡಲು ಆ ಗಾಲಿಯನ್ನು ಕೈಯಿಂದ ತಿರುಗಿಸಬೇಕು. ಎಂಜಿನ್‌ನ ಬಲ ಬೆಲ್ಟಿನ ಮೂಲಕ ಬಂದು, ಅಲ್ಲಿಂದ ಸೈಕಲ್ಲಿನಂತೆ ಚೈನುಗಳ ಮೂಲಕ ಹಿಂದಿನ ಚಕ್ರಗಳಿಗೆ ಹೋಗುತ್ತಿತ್ತು. ಶಕ್ತಿ ಎಷ್ಟು ಅಂದರೆ ಮೂರು ಅಶ್ವಶಕ್ತಿಗೂ ಕಡಿಮೆ. ನಮ್ಮ ಬೋರ್‌ವೆಲ್‌ಗೆ ಇಳಿಸುವ ಐದು ಎಚ್‌ಪಿ ಮೋಟಾರಿಗಿಂತ ಕಮ್ಮಿ. ವೇಗ ಗಂಟೆಗೆ ಹೆಚ್ಚೆಂದರೆ 16 ಕಿ.ಮೀ.

ಎಂಜಿನ್ ಬಿಸಿ ಆರಿಸಲು ನೀರು ಬೇಕು. ಆದರೆ ಇಂದಿನ ರೇಡಿಯೇಟರ್‌ನಂತೆ ನೀರು ಸುತ್ತಿ ಸುತ್ತಿ ತಣ್ಣಗಾಗುತ್ತಿರಲಿಲ್ಲ. ಕುದಿದು ಆವಿಯಾಗಿ ಹೋಗುತ್ತಿತ್ತು. ಆದ್ದರಿಂದ ದಾರಿಯುದ್ದಕ್ಕೂ ನೀರು ತುಂಬುತ್ತಲೇ ಇರಬೇಕು. ಹಳ್ಳ, ಬಾವಿ, ಛತ್ರ, ಎಲ್ಲಿ ನೀರು ಕಂಡರೂ ಅಲ್ಲಿ ಬಂಡಿ ನಿಲ್ಲಬೇಕು. ಇಂಧನ ಹಿಡಿಯುತ್ತಿದ್ದದ್ದು ಸುಮಾರು ನಾಲ್ಕೂವರೆ ಲೀಟರ್.

ಒಂದು ಲೆಕ್ಕ ಹಾಕಿ ನೋಡೋಣ. ಗಂಟೆಗೆ 16 ಕಿ.ಮೀ. ವೇಗದಲ್ಲಿ ಎಲ್ಲೂ ನಿಲ್ಲದೆ ಹೋದರೆ 104 ಕಿ.ಮೀ.ಗೆ ಆರೂವರೆ ಗಂಟೆ ಸಾಕು. ಬರ್ತಾ ಮತ್ತು ಮಕ್ಕಳಿಗೆ ಬೆಳಗಿನಿಂದ ಮುಸ್ಸಂಜೆವರೆಗೆ ಬೇಕಾಯಿತು. ಉಳಿದ ಹೊತ್ತೆಲ್ಲ ಎಲ್ಲಿ ಹೋಯಿತು ಎಂಬುದೇ ಈ ದಿನದ ಕಥೆ.

ಔಷಧಿ ಅಂಗಡಿಯೇ ಬಂಕ್

ಮೊದಲ ಭಾಗ ಸಮತಟ್ಟು ದಾರಿ. ಮನ್‌ಹೈಮ್ ದಾಟಿ ಹೈಡೆಲ್‌ಬರ್ಗ್ ಮುಟ್ಟಿದರು. ಹೈಡೆಲ್‌ಬರ್ಗ್‌ನಲ್ಲಿ 1386ರಲ್ಲಿ ಶುರುವಾದ ವಿಶ್ವವಿದ್ಯಾಲಯವಿದೆ. ಬರ್ತಾ ಬಂಡಿಯಲ್ಲಿ ಆ ಊರು ದಾಟಿದ ದಿನ ಅಲ್ಲಿ ಹೆಣ್ಣುಮಕ್ಕಳಿಗೆ ವಿದ್ಯಾರ್ಥಿಗಳಾಗಿ ಪೂರ್ಣ ಪ್ರವೇಶ ಇರಲಿಲ್ಲ. ಅದು ಸಿಕ್ಕಿದ್ದು 1900ರಲ್ಲಿ. ಯಂತ್ರ ವಿದ್ಯೆ ಓದಲು ಆಗದ ಹೆಂಗಸು ಯಂತ್ರ ಓಡಿಸುವ ಪಯಣದಲ್ಲಿ ಆ ಊರ ಮುಂದೆ ಹಾದು ಹೋದಳು.

ಮುಂದೆ ವೀಸ್ಲೋಹ್ ಎಂಬ ಸಣ್ಣ ಊರು. ಅಷ್ಟರಲ್ಲಿ ಇಂಧನ ಮುಗಿಯುತ್ತಾ ಬಂದಿತ್ತು. ಪೆಟ್ರೋಲ್ ಬಂಕ್ ಎಂಬುದು ಆಗ ಭೂಮಿಯ ಮೇಲೆ ಎಲ್ಲೂ ಇರಲಿಲ್ಲ. ಈ ಬಂಡಿ ಓಡುತ್ತಿದ್ದದ್ದು ಲಿಗ್ರೋಯಿನ್ ಎಂಬ ದ್ರವದಿಂದ. ಕಲ್ಲೆಣ್ಣೆಯಿಂದ ತೆಗೆಯುವ ಈ ತಿಳಿ ದ್ರವವನ್ನು ಬಟ್ಟೆಯ ಕಲೆ ತೆಗೆಯಲು ಜನ ಬಳಸುತ್ತಿದ್ದರು. ಸಿಗುತ್ತಿದ್ದದ್ದು ಔಷಧಿ ಅಂಗಡಿಯಲ್ಲಿ.

ಬರ್ತಾ ಅಲ್ಲಿನ ಔಷಧಿ ಅಂಗಡಿಯ ಮುಂದೆ ಬಂಡಿ ನಿಲ್ಲಿಸಿ ಲಿಗ್ರೋಯಿನ್ ಕೊಂಡಳು. ಅಂಗಡಿಯಾತ ವಿಲ್ಲಿ ಓಕಲ್. ಕಲೆ ತೆಗೆಯಲು ಇಷ್ಟೊಂದು ಯಾಕೆ ಎಂದು ಆತ ಅಂದುಕೊಂಡಿದ್ದರೆ ತಪ್ಪೇನಿಲ್ಲ. ಆ ಅಂಗಡಿಯನ್ನು ಲೋಕದ ಮೊದಲ ಪೆಟ್ರೋಲ್ ಬಂಕ್ ಎಂದು ಇಂದು ಕರೆಯುತ್ತಾರೆ. ಅದರ ಮುಂದೆ ಆ ದಿನದ ನೆನಪಿಗೆ ಒಂದು ಸ್ಮಾರಕವೂ ಇದೆ.

ಟೋಪಿಯ ಸೂಜಿ, ಕಾಲುಚೀಲದ ಪಟ್ಟಿ

ದಾರಿಯಲ್ಲಿ ಒಂದು ಸಲ ಇಂಧನದ ಕೊಳವೆ ಕಟ್ಟಿಕೊಂಡಿತು. ಬಂಡಿ ನಿಂತಿತು. ಮೆಕ್ಯಾನಿಕ್ ಇಲ್ಲ, ಗ್ಯಾರೇಜ್ ಇಲ್ಲ. ಆ ಕಾಲದ ಹೆಂಗಸರು ಟೋಪಿ ಹಾರದಂತೆ ಕೂದಲಿಗೆ ಸೇರಿಸಿ ಚುಚ್ಚಿಕೊಳ್ಳುವ ಉದ್ದನೆಯ ಸೂಜಿ ಬಳಸುತ್ತಿದ್ದರು. ಬರ್ತಾ ಆ ಸೂಜಿ ತೆಗೆದು ಕೊಳವೆಯ ಕಸ ಬಿಡಿಸಿದಳು.

ಇನ್ನೊಂದು ಸಲ ಕಿಡಿ ಹೊತ್ತಿಸುವ ತಂತಿಯ ಹೊದಿಕೆ ಸವೆದು ಹೋಯಿತು. ಕರೆಂಟು ಲೋಹಕ್ಕೆ ತಾಗಿದರೆ ಎಂಜಿನ್ ಓಡದು. ನಾವಾದರೆ ಕಪ್ಪು ಟೇಪು ಸುತ್ತುತ್ತೇವೆ. ಅವಳು ತನ್ನ ಕಾಲುಚೀಲ ಜಾರದಂತೆ ಕಟ್ಟಿಕೊಂಡಿದ್ದ ಪಟ್ಟಿಯನ್ನೇ ಬಿಚ್ಚಿ ತಂತಿಗೆ ಸುತ್ತಿದಳು.

ಈ ಎರಡು ಪ್ರಸಂಗಗಳನ್ನು ನಗುತ್ತಾ ಹೇಳುವವರೇ ಹೆಚ್ಚು. ನಮಗೆ ಅದರಲ್ಲಿ ಬೇರೊಂದು ವಿಷಯ ಕಾಣುತ್ತದೆ. ಕೊಳವೆ ಎಲ್ಲಿ ಕಟ್ಟಿದೆ, ತಂತಿ ಎಲ್ಲಿ ತಾಗುತ್ತಿದೆ ಎಂದು ತಿಳಿಯದೆ ಸೂಜಿ ಹಿಡಿದು ಪ್ರಯೋಜನವಿಲ್ಲ. ಎಂಜಿನ್ ಹೇಗೆ ಕೆಲಸ ಮಾಡುತ್ತದೆಂದು ಪೂರ್ತಿ ಬಲ್ಲವರು ಮಾತ್ರ ರೋಗ ಹಿಡಿಯಬಲ್ಲರು. ಗಂಡನ ಪಕ್ಕ ನಿಂತು ಹದಿನಾರು ವರ್ಷ ನೋಡಿ ಕಲಿತ ವಿದ್ಯೆ ಅದು. ಯಾವ ಪ್ರಮಾಣಪತ್ರವೂ ಅದಕ್ಕೆ ಇರಲಿಲ್ಲ.

ಕಮ್ಮಾರನ ಕೈ

ವೀಸ್ಲೋಹ್‌ನಿಂದ ದಕ್ಷಿಣಕ್ಕೆ ಹೋದರೆ ಬ್ರುಕ್ಸಾಲ್. ಅಲ್ಲಿಗೆ ಬರುವಷ್ಟರಲ್ಲಿ ಚೈನಿಗೆ ತೊಂದರೆ. ಹೊಸ ಚೈನುಗಳು ಎಳೆತಕ್ಕೆ ಉದ್ದವಾಗಿ ಸಡಿಲವಾಗುವುದು ಸೈಕಲ್ ಇಟ್ಟುಕೊಂಡವರಿಗೆಲ್ಲ ಗೊತ್ತು. ಊರ ಕಮ್ಮಾರನ ಬಳಿ ಬಂಡಿ ಹೋಯಿತು. ನೇಗಿಲು, ಲಾಳ, ಬಂಡಿಯ ಪಟ್ಟಾ ನೋಡಿದ್ದ ಆ ಕಮ್ಮಾರ ಹೊಸ ಯಂತ್ರದ ಚೈನು ಸರಿಮಾಡಿ ಕೊಟ್ಟ.

ಬ್ರೇಕಿನದು ಇನ್ನೊಂದು ಕಥೆ. ಚಕ್ರಕ್ಕೆ ಮರದ ತುಂಡು ಒತ್ತಿ ಬಂಡಿ ನಿಲ್ಲಿಸುವುದು ಆಗಿನ ಏರ್ಪಾಡು. ಇಳಿಜಾರುಗಳಲ್ಲಿ ಆ ಮರ ಬೇಗ ಸವೆಯಿತು. ಈ ಪಯಣದಲ್ಲಿ ಚಪ್ಪಲಿ ಹೊಲಿಯುವ ಒಬ್ಬ ಕಸುಬುದಾರನಿಂದ ಬರ್ತಾ ಆ ಮರದ ತುಂಡುಗಳಿಗೆ ತೊಗಲು ಹೊಡೆಸಿದಳು. ಹಿಡಿತವೂ ಬಂತು, ಸವೆತವೂ ತಗ್ಗಿತು. ಇಂದು ನಮ್ಮ ಬೈಕಿನಿಂದ ಲಾರಿಯವರೆಗೆ ಎಲ್ಲದರಲ್ಲೂ ಇರುವ ಬ್ರೇಕ್ ಲೈನರ್‌ನ ಮೊದಲ ರೂಪ ಅದು.

ಕಾರಿನ ಇತಿಹಾಸದ ಪುಸ್ತಕಗಳಲ್ಲಿ ಎಂಜಿನಿಯರುಗಳ ಹೆಸರು ದಪ್ಪ ಅಕ್ಷರದಲ್ಲಿರುತ್ತದೆ. ಆದರೆ ಮೊದಲ ದೂರದ ಪಯಣವನ್ನು ದಡ ಮುಟ್ಟಿಸಿದವರ ಪಟ್ಟಿ ಬರೆದರೆ ಅದರಲ್ಲಿ ಔಷಧಿ ಅಂಗಡಿಯವನು, ಕಮ್ಮಾರ, ಚಪ್ಪಲಿ ಹೊಲಿಯುವವನು, ಬಾವಿಯಿಂದ ನೀರು ಕೊಟ್ಟ ಹಳ್ಳಿಗರು ಬರುತ್ತಾರೆ. ಊರಿನ ಕಸುಬುಗಳ ಹೆಗಲ ಮೇಲೆ ಕೂತು ಕಾರು ಊರು ದಾಟಿತು.

ಏರು ಬಂದಾಗ

ಬ್ರುಕ್ಸಾಲ್ ದಾಟಿ ಡುರ್ಲಾಹ್ ಕಡೆಗೆ ಬಂದು ಅಲ್ಲಿಂದ ಪೂರ್ವಕ್ಕೆ ತಿರುಗಿದರೆ ಗುಡ್ಡಗಳ ಸೀಮೆ ಶುರು. ಫೋರ್ಟ್ಸ್‌ಹೈಮ್ ಇರುವುದು ಕಪ್ಪುಕಾಡು ಎಂಬ ಬೆಟ್ಟಸಾಲಿನ ಅಂಚಿನಲ್ಲಿ. ಇಲ್ಲಿ ಎಂಜಿನ್ ಕೈಚೆಲ್ಲಿತು. ಸಮತಟ್ಟಿನಲ್ಲಿ ಓಡುವ ಗೇರು ಏರಿನಲ್ಲಿ ಎಳೆಯಲಿಲ್ಲ. ಇಬ್ಬರು ಇಳಿದು ತಳ್ಳಬೇಕು, ಒಬ್ಬರು ಹಿಡಿಕೆ ಹಿಡಿಯಬೇಕು. ಆಗಸ್ಟ್ ಬಿಸಿಲು, ದಿನವಿಡೀ ಕುಲುಕಾಡಿದ ಮೈ, ಎದುರಿಗೆ ಏರು.

ಅದೇ ನೈಋತ್ಯ ಜರ್ಮನಿಯ ಇನ್ನೊಂದು ಸಣ್ಣ ಊರು ಬ್ರಾಕನ್‌ಹೈಮ್. 1811ರಲ್ಲಿ ಅಲ್ಲಿ ಹುಟ್ಟಿದ ಹರ್ಮನ್ ಮೋಗ್ಲಿಂಗ್ ನಮ್ಮ ಮಂಗಳೂರಿಗೆ ಬಂದು 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಪತ್ರಿಕೋದ್ಯಮ ಓದಿದ ನಮಗೆ ಅವರ ಹೆಸರು ಮೊದಲ ಪಾಠದಲ್ಲೇ ಸಿಗುತ್ತದೆ. ಬ್ರಾಕನ್‌ಹೈಮ್ ಮತ್ತು ಬರ್ತಾ ಹೋದ ದಾರಿ ಇಂದು ಒಂದೇ ರಾಜ್ಯದಲ್ಲಿವೆ. ನಕಾಶೆಯಲ್ಲಿ ಆ ದಾರಿಯನ್ನು ಬೆರಳಿನಿಂದ ಹಿಂಬಾಲಿಸುವಾಗ ಪಕ್ಕದಲ್ಲೇ ಆ ಊರು ಕಂಡು ನಮಗೆ ಖುಷಿಯಾಯಿತು.

ಸಂಜೆಯ ತಂತಿ

ಕತ್ತಲಾಗುವ ಹೊತ್ತಿಗೆ ಮೂವರೂ ಫೋರ್ಟ್ಸ್‌ಹೈಮ್ ಸೇರಿದರು. ಧೂಳು, ಎಣ್ಣೆ, ಬೆವರು ಮೆತ್ತಿಕೊಂಡ ತಾಯಿ ಮಕ್ಕಳು. ಬರ್ತಾ ಗಂಡನಿಗೆ ತಂತಿ ಕಳಿಸಿದಳು. ಕ್ಷೇಮವಾಗಿ ಬಂದು ತಲುಪಿದೆವು ಎಂದು.

ಊರು ಮುಟ್ಟಿದ ಕೂಡಲೇ ಮನೆಗೆ ಫೋನು ಮಾಡುವುದು ನಮ್ಮಲ್ಲಿ ಇಂದಿಗೂ ರೂಢಿ. ಆದರೆ ಆ ಒಂದು ತಂತಿಯಲ್ಲಿ ಕ್ಷೇಮ ಸಮಾಚಾರಕ್ಕಿಂತ ದೊಡ್ಡ ಸುದ್ದಿಯಿತ್ತು. ಅರ್ಧ ದಾರಿಯಲ್ಲಿ ನಿಂತರೆ ಏನು ಗತಿ ಎಂಬ ಪ್ರಶ್ನೆಗೆ ಅದು ಉತ್ತರ. ನಿಲ್ಲುತ್ತದೆ, ಹಲವು ಸಲ ನಿಲ್ಲುತ್ತದೆ. ಸರಿಮಾಡಿಕೊಂಡು ಹೋದರೆ ಊರು ತಲುಪುತ್ತದೆ.

ಅಲ್ಲಿಗೆ ಮೊದಲ ದಿನ ಮುಗಿಯಿತು.

ಆಮೇಲೆ

ಕೆಲವು ದಿನ ತವರಿನಲ್ಲಿದ್ದು ಮೂವರೂ ಬೇರೆ ದಾರಿಯಲ್ಲಿ ಅದೇ ಬಂಡಿಯಲ್ಲಿ ಮನೆಗೆ ಬಂದರು. ಗಂಡನಿಗೆ ಬರ್ತಾ ಒಪ್ಪಿಸಿದ ವರದಿಯಲ್ಲಿ ದೂರುಗಳೇ ಹೆಚ್ಚು ಇದ್ದಿರಬೇಕು. ಏರಿನಲ್ಲಿ ಎಳೆಯುವುದಿಲ್ಲ, ಇನ್ನೊಂದು ಗೇರು ಬೇಕು ಎಂಬುದು ಅದರಲ್ಲಿ ಮುಖ್ಯ. ಕಾರ್ಲ್ ಏರಿಗೆ ಬೇಕಾದ ಗೇರು ಸೇರಿಸಿದರು. ಬೆಟ್ಟ ಹತ್ತುವಾಗ ನಮ್ಮ ಡ್ರೈವರುಗಳು ಗೇರು ಇಳಿಸುತ್ತಾರಲ್ಲ, ಅದರ ಬೇರು ಅಲ್ಲಿದೆ.

ಅದೇ 1888ರ ಸೆಪ್ಟೆಂಬರ್‌ನಲ್ಲಿ ಮ್ಯೂನಿಕ್ ನಗರದ ಯಂತ್ರ ಪ್ರದರ್ಶನದಲ್ಲಿ ಬೆಂಜ್ ಬಂಡಿಗೆ ಚಿನ್ನದ ಪದಕ ಬಂತು. ವ್ಯಾಪಾರ ಒಮ್ಮೆಲೇ ಏರಲಿಲ್ಲ. ನಿಧಾನವಾಗಿ ಕುದುರಿತು. 1899ರಲ್ಲಿ ಒಂದೇ ವರ್ಷ 572 ಬಂಡಿ ತಯಾರಿಸಿ ಬೆಂಜ್ ಕಂಪನಿ ಆ ಕಾಲಕ್ಕೆ ಲೋಕದ ಅತಿ ದೊಡ್ಡ ಕಾರು ತಯಾರಕ ಆಯಿತು. 1926ರಲ್ಲಿ ಅದು ಡೈಮ್ಲರ್ ಕಂಪನಿಯ ಜೊತೆ ಸೇರಿತು. ಅಲ್ಲಿಂದ ಬಂದ ಹೆಸರೇ ಮರ್ಸಿಡಿಸ್-ಬೆಂಜ್. ಮರ್ಸಿಡಿಸ್ ಎಂಬುದು ಕಾರು ಮಾರುತ್ತಿದ್ದ ಒಬ್ಬ ಶ್ರೀಮಂತನ ಮಗಳ ಹೆಸರು. ಬೆಂಜ್ ಎಂದಾಗ ಎಲ್ಲರೂ ನೆನೆಯುವುದು ಕಾರ್ಲ್ ಅವರನ್ನು.

ಈ ಪಯಣದ ಕಥೆ ನಮಗೆ ಬಂದಿರುವುದು ಹೆಚ್ಚಾಗಿ ಮನೆಯವರ ನೆನಪಿನಿಂದ. ಕಾರ್ಲ್ ತಮ್ಮ ಆತ್ಮಕಥೆಯನ್ನು ಪ್ರಕಟಿಸಿದ್ದು 1925ರಲ್ಲಿ, ಅಂದರೆ 37 ವರ್ಷದ ನಂತರ. ಅದರಲ್ಲಿ ಅವರು ಹೆಂಡತಿಯ ಧೈರ್ಯವನ್ನು ಮರೆಮಾಚದೆ ಹೇಳಿದ್ದಾರೆ. ಅವರು ತೀರಿಕೊಂಡದ್ದು 1929ರ ಏಪ್ರಿಲ್ 4ರಂದು.

ಬರ್ತಾ ಇನ್ನೂ 15 ವರ್ಷ ಬದುಕಿದರು. ಇಷ್ಟು ಹೊತ್ತು ನಾವು ಅವಳು ಎಂದೆವು, ಈಗ ಅಜ್ಜಿಯಾದವರನ್ನು ಹಾಗೆ ಕರೆಯಲು ಮನಸ್ಸು ಬಾರದು. 1944ರ ಮೇ 3ರಂದು ಅವರಿಗೆ 95 ತುಂಬಿತು. ಅಂದು ಕಾರ್ಲ್ಸ್‌ರೂಹೆಯ ತಾಂತ್ರಿಕ ವಿಶ್ವವಿದ್ಯಾಲಯ ಅವರಿಗೆ ಗೌರವ ಸೆನೆಟರ್ ಪದವಿ ಕೊಟ್ಟಿತು. ಯೌವನದಲ್ಲಿ ಒಳಗೆ ಬಿಡದ ವಿದ್ಯಾಲಯಗಳ ಪೈಕಿ ಒಂದು, 95ನೇ ವಯಸ್ಸಿನಲ್ಲಿ ಮನೆ ಬಾಗಿಲಿಗೆ ಗೌರವ ತಂದಿತು. ಎರಡು ದಿನ ಕಳೆದು, ಮೇ 5ರಂದು, ಲಾಡನ್‌ಬರ್ಗ್‌ನಲ್ಲಿ ಅವರು ತೀರಿಕೊಂಡರು.

2008ರಲ್ಲಿ ಅವರು ಹೋಗಿ ಬಂದ ದಾರಿಯನ್ನು ಬರ್ತಾ ಬೆಂಜ್ ಸ್ಮಾರಕ ಮಾರ್ಗ ಎಂದು ಗುರುತಿಸಿದರು. ಹೋಗಿ ಬರುವ ದೂರ 194 ಕಿ.ಮೀ. ಫಲಕಗಳನ್ನು ನೋಡುತ್ತಾ ಈಗ ಯಾರು ಬೇಕಾದರೂ ಆ ದಾರಿಯಲ್ಲಿ ಹೋಗಬಹುದು. ಅಮೆರಿಕದ ಆಟೋಮೋಟಿವ್ ಹಾಲ್ ಆಫ್ ಫೇಮ್‌ಗೆ ಕಾರ್ಲ್ ಹೆಸರು ಸೇರಿದ್ದು 1984ರಲ್ಲಿ. ಬರ್ತಾ ಹೆಸರು ಸೇರಲು 2016 ಬರಬೇಕಾಯಿತು.

ನಮ್ಮ ಊರುಗಳಲ್ಲಿ ಹೆಣ್ಣುಮಕ್ಕಳು ಸ್ಕೂಟಿ ಕಲಿಯುವಾಗ, ಟ್ರ್ಯಾಕ್ಟರ್ ಹತ್ತುವಾಗ ಕಟ್ಟೆ ಮೇಲೆ ಕೂತವರು ನಕ್ಕು ಏನೋ ಒಂದು ಮಾತು ಹೇಳುತ್ತಾರೆ. ಹೆಂಗಸರಿಗೆ ಗಾಡಿ ಯಾಕೆ ಎಂದು ಕೇಳುವವರು ಇನ್ನೂ ಇದ್ದಾರೆ. ಮುಂದಿನ ಸಲ ಯಾರಾದರೂ ಹಾಗೆ ಕೇಳಿದರೆ ಈ ಕಥೆ ಹೇಳಿ. ಕಾರು ಎಂಬುದು ಊರಿಂದೂರಿಗೆ ಹೋಗಬಲ್ಲದು ಎಂದು ಲೋಕಕ್ಕೆ ಮೊದಲು ತೋರಿಸಿದ್ದು, ಮಕ್ಕಳನ್ನು ಕರೆದುಕೊಂಡು ರಜೆಗೆ ತವರಿಗೆ ಹೊರಟ ಒಬ್ಬ ತಾಯಿ.